ಹರಿಹರರ ನಡುವೆ ದ್ರಾಕ್ಷಾಯಿಣಿ

ಕೀಚಕ ಸಾಯಬೇಕಾದ ಹೊತ್ತಿಗೆ ಸಾಯಲಿಲ್ಲ. ಒಂದು ವರ್ಷದ ರಂಪಕ್ಕೆಲ್ಲ ಮೂಲ ಇಷ್ಟೇ.

ಕನ್ನಡನಾಡಿನಿಂದ ಗೋವೆಗೆ ದುಡಿಯಲು ಬಂದ ನಮ್ಮ ಜನ ಝುವಾರಿನಗರದ ಗುಡ್ಡದ ಮೇಲಿನ ಬಯಲಿನಲ್ಲಿ ಪ್ರತಿ ವರ್ಷ ದಸರೆಯ ಹತ್ತಿರದ ಭಾನುವಾರ ದೊಡ್ಡಾಟ ಆಡುತ್ತಾರೆ. ಊರಿನಲ್ಲಾದರೆ ಆಟ ರಾತ್ರಿ ಊಟ ಮುಗಿಸಿ ಶುರುವಾದದ್ದು ಕೋಳಿ ಕೂಗುವ ತನಕ ನಡೆಯುತ್ತಿತ್ತು. ಗೋವೆಯಲ್ಲಿ ಹಾಗಿಲ್ಲ. ಹತ್ತು ಗಂಟೆಗೆ ಮೈಕು ಬಂದ್ ಆಗಲೇಬೇಕು, ಇಲ್ಲವೆಂದರೆ ಪೊಲೀಸರ ಜೀಪು ಬರುತ್ತದೆ. ಹೀಗಾಗಿ ಇಲ್ಲಿಯ ರಾಕ್ಷಸರು ಮಧ್ಯಾಹ್ನ ನಾಲ್ಕಕ್ಕೇ ಮೀಸೆ ತಿರುವುತ್ತ ಬಂದು, ಒಂಬತ್ತೂ ಮುಕ್ಕಾಲಿಗೆ ಸತ್ತು, ಮಂಗಳಾರತಿಗೆ ಹದಿನೈದು ನಿಮಿಷ ಬಿಟ್ಟುಕೊಡುತ್ತಾರೆ. ಪೌರಾಣಿಕ ಕಾಲದ ರಾಕ್ಷಸರಿಗೂ ಇಷ್ಟು ಶಿಸ್ತು ಇರಲಿಲ್ಲ.

ಹೋದ ವರ್ಷ ಕೀಚಕನಾಗಿದ್ದವನು ನಿಂಗಣ್ಣ. ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ವೆಲ್ಡರ್, ಆಳೆತ್ತರಕ್ಕೆ ತಕ್ಕ ಮೀಸೆ, ಇಪ್ಪತ್ತು ವರ್ಷದಿಂದ ಈ ಬಯಲಿನಲ್ಲಿ ಸಾಯುತ್ತ ಬಂದವನು. ಭೀಮನಾಗಿದ್ದವನು ಅಪ್ಪಾಸಾಬ, ಬಂದರಿನಲ್ಲಿ ಹಮಾಲಿ. ನಿಂಗಣ್ಣನ ಹೆಂಡತಿ ದ್ರಾಕ್ಷಾಯಿಣಿ ಈ ಅಪ್ಪಾಸಾಬನ ಸ್ವಂತ ಅಕ್ಕ, ಅಕ್ಕನ ಗಂಡನನ್ನು ಅವನು ಊರ ರೂಢಿಯಂತೆ ಮಾವ ಎನ್ನುತ್ತಿದ್ದ. ಅಂದರೆ ಆ ಸಂಜೆ ಅವಳ ತಮ್ಮ ಅವಳ ಗಂಡನನ್ನು ಕೊಲ್ಲುವುದಿತ್ತು. ಅದರಿಂದ ಅವಳಿಗೇನೂ ಬೇಸರವಿರಲಿಲ್ಲ. ಪರದೆಯ ಹಿಂದೆ ಸೂಜಿ ದಾರ ಹಿಡಿದು, ಕೀಚಕನ ಭುಜಕೀರ್ತಿಯ ಹರಿದ ಜರಿಯನ್ನು ಅವಳೇ ಹೊಲಿದು ಕಳಿಸಿದ್ದಳು.

ದೊಡ್ಡಾಟದ ಯುದ್ಧದ ಕುಣಿತಕ್ಕೆ ಒಂದು ಕಟ್ಟಳೆಯಿದೆ. ಮದ್ದಳೆ ನುಡಿಯುವಷ್ಟು ಹೊತ್ತೂ ಇಬ್ಬರೂ ಹೆಜ್ಜೆ ಹಾಕುತ್ತಲೇ ಇರಬೇಕು. ಯಾರ ಕಾಲು ಮೊದಲು ನಿಂತಿತೋ ಅವನು ಸೋತ. ಕೀಚಕನ ಕಾಲು ನಿಲ್ಲಬೇಕೆಂದು ಪುರಾಣವೇ ಬರೆದಿಟ್ಟಿದೆ. ಆದರೆ ಆವತ್ತು ಜನ ಸೀಟಿ ಹೊಡೆಯುತ್ತಿದ್ದರು, ನಿಂಗಣ್ಣನಿಗೆ ಹುರುಪು ಏರಿತ್ತು. ಒಂಬತ್ತೂ ಮುಕ್ಕಾಲು ಕಳೆಯಿತು, ಇನ್ನೈದು ನಿಮಿಷವೂ ಕಳೆಯಿತು, ಕೀಚಕ ಮಾತ್ರ ಗಿರಿಗಿರಿ ಸುತ್ತುತ್ತಲೇ ಇದ್ದ. ಅಪ್ಪಾಸಾಬ ಹಿಂದಿನ ದಿನ ಎರಡು ಪಾಳಿ ಮೂಟೆ ಹೊತ್ತಿದ್ದ, ಅವನ ಕಾಲು ಸೋತವು. ಭೀಮ ಗಕ್ಕನೆ ನಿಂತು, ಏದುಸಿರು ಬಿಡುತ್ತ, ಮೈಕಿನಲ್ಲೇ ಕೇಳಿಬಿಟ್ಟ.

"ಮಾವ, ನೀ ಸಾಯ್ತಿಯೋ, ಇಲ್ಲಾ ನಾ ಮನಿಗಿ ಹೋಗ್ಲೋ?"

ಇಡೀ ಬಯಲು ಬಿದ್ದು ಬಿದ್ದು ನಕ್ಕಿತು. ಆ ನಗೆಯ ನಡುವೆಯೇ ಕೀಚಕ ಸತ್ತ. ಇಪ್ಪತ್ತು ವರ್ಷದಲ್ಲಿ ತನ್ನ ಸಾವಿಗೆ ಯಾರೂ ನಕ್ಕಿರಲಿಲ್ಲ, ಹೆಂಡತಿಯ ತಮ್ಮನೇ ನಗಿಸಿದ ಎಂಬುದು ನಿಂಗಣ್ಣನ ಸಂಕಟ. ಪುರಾಣದ ಭೀಮನ ಕಾಲು ನಿಲ್ಲುವಂತೆ ಮಾಡಿ ನಾಲ್ಕು ಜನರ ಮುಂದೆ ಮರ್ಯಾದೆ ತೆಗೆದ ಎಂಬುದು ಅಪ್ಪಾಸಾಬನ ಸಂಕಟ. ಇಬ್ಬರೂ ಹೇಳುವುದು ಸರಿಯೇ ಇತ್ತು. ಒಬ್ಬನದಾದರೂ ತಪ್ಪಿದ್ದರೆ ಬಗೆಹರಿಸುವುದು ಸುಲಭವಾಗುತ್ತಿತ್ತು. ಅಂದಿನಿಂದ ಭಾವ ಮೈದುನರಿಬ್ಬರೂ ಮಾತು ಬಿಟ್ಟರು. ಮೂರು ಓಣಿ ಆಚೆಗಿದ್ದ ಮನೆ ಮೂರು ಜಿಲ್ಲೆಯಾಚೆ ಹೋದಂತಾಯಿತು.

ಗಂಡಸರು ಮಾತು ಬಿಟ್ಟು ಸುಮ್ಮನಿರಬಹುದು. ಅದರ ಭಾರವೆಲ್ಲ ಬಿದ್ದದ್ದು ದ್ರಾಕ್ಷಾಯಿಣಿಯ ಮೇಲೆ. ತಂದೆ ತಾಯಿ ಹೋದ ಮೇಲೆ ಅವಳಿಗೆ ತವರು ಎಂದರೆ ಅಪ್ಪಾಸಾಬನ ತಗಡಿನ ಮನೆಯೊಂದೇ. ಪ್ರತಿ ನಾಗರಪಂಚಮಿಗೆ ಅವನು ಬಾಗಿಲಿಗೆ ಬಂದು, "ಅಕ್ಕಾ, ಕರಿಯಾಕ ಬಂದೇನಿ" ಎನ್ನುತ್ತಿದ್ದ. ಮೂರು ಓಣಿ ನಡೆಯಲು ಅವಳು ಹೊಸ ಸೀರೆ ಉಡುತ್ತಿದ್ದಳು. ಹುತ್ತಕ್ಕೆ ಹಾಲೆರೆದು ತಮ್ಮನ ಪಾಲು ಎಂದು ಒಂದು ಚಮಚ ಹೆಚ್ಚಿಗೆ ಹಾಕುತ್ತಿದ್ದಳು. ಕರೆಯದೆ ಹೋಗುವಂತಿಲ್ಲ, ಅದು ಪದ್ಧತಿ. ಈ ವರ್ಷ ಶೇಂಗಾದ ಉಂಡಿ ಕಟ್ಟಿಟ್ಟುಕೊಂಡು ಬೆಳಗಿನಿಂದ ಹೊಸ್ತಿಲ ಮೇಲೆ ಕೂತಳು. ಅಪ್ಪಾಸಾಬ ಬರಲಿಲ್ಲ. ಸಂಜೆ ಎದ್ದು ಉಂಡಿಯ ಡಬ್ಬಿಯನ್ನು ಅಟ್ಟಕ್ಕೆ ಇಟ್ಟಳು. ಗಂಡ ಕೆಲಸದಿಂದ ಬರುವ ಹೊತ್ತಿಗೆ ಬಂದು, ಉಂಡು ಮಲಗಿದ. ಮರುದಿನ ಪರ್ವರಿಯಲ್ಲಿ ಸ್ಲ್ಯಾಬ್ ಕೆಲಸಕ್ಕೆ ಹೋದಾಗ ಕಾಂಕ್ರೀಟಿನ ಬುಟ್ಟಿ ಎಂದಿಗಿಂತ ಭಾರವಾಗಿತ್ತು.

ಈ ಸಲದ ಆಟ ಹೊಸದಾಗಿರಬೇಕು ಎಂದು ಹೊರಟವನು ಲೋಕಪ್ಪ. ಆಟದ ಮಾಸ್ತರ ಅವನೇ, ಹಾಡುವವನೂ ಅವನೇ, ಮದ್ದಳೆಯೂ ಅವನದೇ, ಬಣ್ಣ ಬಳಿದು ಪರದೆ ಬರೆಯುವವನೂ ಅವನೇ. ಹೊಟ್ಟೆಪಾಡಿಗೆ ಮಡ್ಕಯಿಯಲ್ಲಿ ವಾಚ್‌ಮನ್. ಇಷ್ಟು ವರ್ಷ ಗೋವೆಯ ಅನ್ನ ಉಂಡು ಗೋವೆಯ ತಾಯಿಯ ಕಥೆಯನ್ನು ಒಮ್ಮೆಯೂ ಆಡಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತ್ತಂತೆ. ಕವಳೆಯಲ್ಲಿರುವ ಆ ತಾಯಿಯ ಗುಡಿಗೆ ನಾಲ್ಕು ಸಲ ಹೋಗಿ ಕಥೆ ಕೇಳಿಕೊಂಡು ಬಂದ. ಹರಿಗೂ ಹರನಿಗೂ ಘೋರ ಯುದ್ಧವಾಯಿತು, ಮೂರು ಲೋಕ ನಡುಗಿತು, ಆಗ ಜಗನ್ಮಾತೆ ಇಬ್ಬರ ನಡುವೆ ಬಂದು ನಿಂತು, ಇಬ್ಬರ ಕೈ ಹಿಡಿದು ಶಾಂತಗೊಳಿಸಿದಳು. ಅದಕ್ಕೇ ಅವಳು ಶಾಂತಾದುರ್ಗೆ. ಲೋಕಪ್ಪ ಇದನ್ನು ಪದಕಟ್ಟಿ, ಪರದೆಯ ಮೇಲೆ ಚಿತ್ರವನ್ನೂ ಬರೆದ. ನಡುವೆ ದೇವಿ, ಎರಡು ಕೈಯಲ್ಲಿ ಎರಡು ಹಾವು. ಒಂದು ಹರಿಯಂತೆ, ಒಂದು ಹರನಂತೆ. ಹಾವುಗಳು ನುಗ್ಗೆಕಾಯಿಯ ಹಾಗಿದ್ದವು, ಆದರೆ ದೇವಿಯ ಮುಖ ಚೆನ್ನಾಗಿ ಬಂದಿತ್ತು. ಎರಡು ಹಾವು ಕೈಯಲ್ಲಿ ಹಿಡಿದು ಆ ತಾಯಿ ನಗುವುದಾದರೂ ಹೇಗೆ ಎಂದು ದ್ರಾಕ್ಷಾಯಿಣಿ ಕೇಳಿದಳು. ದೇವರಲ್ಲವೇ, ಅಭ್ಯಾಸ ಇರುತ್ತದೆ ಎಂದು ಲೋಕಪ್ಪ ಕುಂಚ ತೊಳೆಯುತ್ತ ಹೇಳಿದ.

ಯುದ್ಧ ಕುಣಿಯಬಲ್ಲ ಗಟ್ಟಿಗರು ತಂಡದಲ್ಲಿ ಇಬ್ಬರೇ. ಹರ ನಿಂಗಣ್ಣ, ಹರಿ ಅಪ್ಪಾಸಾಬ. ಇಬ್ಬರೂ ಒಪ್ಪಿದರು. ಮಾತು ಬೇಕಾದರೆ ಬಿಡಬಹುದು, ಗೆಜ್ಜೆ ಬಿಡಲಾದೀತೇ? ತೊಡಕಾದದ್ದು ದೇವಿಯ ಪಾತ್ರಕ್ಕೆ. ಹೆಣ್ಣು ವೇಷ ಹಾಕುತ್ತಿದ್ದ ಯಮನೂರನಿಗೆ ಮದುವೆ ನಿಶ್ಚಯವಾಗಿತ್ತು. ಹೆಣ್ಣಿನ ಕಡೆಯವರು ಮೀಸೆಯಿದ್ದ ಫೋಟೋ ನೋಡಿ ಒಪ್ಪಿದ್ದರು, ಈಗ ಬೋಳಿಸುವುದಿಲ್ಲ ಎಂದು ಅವನು ಹಟ ಹಿಡಿದ. ಬೇರೆ ಯಾರ ಹೆಸರು ಹೇಳಿದರೂ ನಿಂಗಣ್ಣ ಅವನು ಅಪ್ಪಾಸಾಬನ ಕಡೆಯವನು ಎನ್ನುತ್ತಿದ್ದ, ಅಪ್ಪಾಸಾಬ ಅವನು ಮಾವನ ಕಡೆಯವನು ಎನ್ನುತ್ತಿದ್ದ. ಕಡೆಗೆ ಲೋಕಪ್ಪ ತಲೆ ಕೆರೆದುಕೊಂಡು ದ್ರಾಕ್ಷಾಯಿಣಿಯ ಮುಂದೆ ಬಂದು ನಿಂತ. ಹನ್ನೊಂದು ವರ್ಷ ಪರದೆಯ ಹಿಂದೆ ಕೂತು ಮಾತು ಮರೆತವರಿಗೆ ಮಾತು ಹೇಳಿಕೊಟ್ಟವಳು ಅವಳು, ಅವಳಿಗೆ ಬಾರದ ಹೆಜ್ಜೆಯಿರಲಿಲ್ಲ. ಅವಳ ಬಗ್ಗೆ ಮಾತ್ರ ಇಬ್ಬರೂ ತಕರಾರು ಎತ್ತುವಂತಿರಲಿಲ್ಲ.

ಅವಳು ಒಪ್ಪಿದ್ದು ಕುಣಿಯುವ ಆಸೆಗಲ್ಲ. ಆಟದ ಕೊನೆಗೆ ದೇವಿ ಹರಿಯ ಕೈ ಹಿಡಿದು ಹರನ ಕೈಯೊಳಗೆ ಇಡಬೇಕು, ಹಾಗೆಂದು ಲೋಕಪ್ಪನ ಪುಸ್ತಕದಲ್ಲಿದೆ. ಸುಳ್ಳು ಸುಳ್ಳೇ ಆದರೂ ಕೈಗೆ ಕೈ ಸೇರಿದರೆ ಬಾಯಿಗೂ ಮಾತು ಬಂದೀತು, ಬಾಯಿ ಬಿಟ್ಟರೆ ಮುಂದಿನ ಪಂಚಮಿಗೆ ತಮ್ಮ ಬಾಗಿಲಿಗೆ ಬಂದಾನು ಎಂದು ಅವಳ ಲೆಕ್ಕ. ಜೀವವನ್ನೆಲ್ಲ ಆ ಒಂದು ಗಳಿಗೆಯ ಮೇಲೆ ಇಟ್ಟುಕೊಂಡಳು.

ತಾಲೀಮಿಗೆ ಮಾತ್ರ ಹರಿಹರರು ಒಟ್ಟಿಗೆ ಬರಲೇ ಇಲ್ಲ. ಆರಕ್ಕೆ ಒಬ್ಬ, ಏಳಕ್ಕೆ ಇನ್ನೊಬ್ಬ. ಇಲ್ಲದವನ ಜಾಗದಲ್ಲಿ ಲೋಕಪ್ಪ ನೀರಿನ ನೀಲಿ ಡ್ರಮ್ ನಿಲ್ಲಿಸುತ್ತಿದ್ದ. ದ್ರಾಕ್ಷಾಯಿಣಿ ಆರಕ್ಕೆ ತಮ್ಮನ ಕೈ ಹಿಡಿದು ಡ್ರಮ್ಮಿನ ಮೇಲಿಡುವಳು, ಏಳಕ್ಕೆ ಡ್ರಮ್ಮು ತಟ್ಟಿ ಗಂಡನ ಕೈ ಹಿಡಿಯುವಳು. ಡ್ರಮ್ಮು ಬಹಳ ಚೆನ್ನಾಗಿ ಅಭಿನಯಿಸಿತು. ಹೇಳಿದಲ್ಲಿ ನಿಂತಿತು, ಸೋತೆನೆಂದು ಮುಖ ಊದಿಸಿಕೊಳ್ಳಲಿಲ್ಲ. ಒಂದು ಸಲವಾದರೂ ಇಬ್ಬರನ್ನೂ ಕೂಡಿಸಿ ತಾಲೀಮು ಮಾಡಬೇಕಿತ್ತು ಎಂದು ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದವರಿಗೆ ಹೇಳುವ ಧೈರ್ಯವಾಗಲಿಲ್ಲ.

ಭಾನುವಾರ ಬಂತು. ಬಯಲು ತುಂಬಿತು. ನಮ್ಮವರಲ್ಲದೆ ಕೊಂಕಣಿ ಮಾತಾಡುವ ನೆರೆಹೊರೆಯವರೂ ತಮ್ಮ ತಾಯಿಯ ಕಥೆಯೆಂದು ಕುರ್ಚಿ ತಂದು ಮುಂದಿನ ಸಾಲಿನಲ್ಲಿ ಕೂತರು. ಆಟ ಸೊಗಸಾಗಿ ಸಾಗಿತು. ಪಕ್ಕದ ನಿಲ್ದಾಣಕ್ಕೆ ಬರುವ ವಿಮಾನ ಆಗಾಗ ತಲೆಯ ಮೇಲೇ ಇಳಿದು ಹೋಗುವುದು ಇಲ್ಲಿಯ ರೂಢಿ. ಅದು ಬಂದಾಗೆಲ್ಲ ದೇವತೆಗಳು ಬಾಯಿ ತೆರೆದಲ್ಲೇ ನಿಂತು, ಸದ್ದು ಅಡಗಿದ ಮೇಲೆ ಉಳಿದರ್ಧ ಮಾತು ಮುಗಿಸುತ್ತಿದ್ದರು. ಒಂಬತ್ತಕ್ಕೆ ಯುದ್ಧ ಶುರುವಾಯಿತು.

ಅಂಥ ಯುದ್ಧವನ್ನು ಆ ಬಯಲು ಕಂಡಿರಲಿಲ್ಲ. ವರ್ಷದ ಸಿಟ್ಟೆಲ್ಲ ಕಾಲಿಗೆ ಇಳಿದಿತ್ತು. ನಿಂಗಣ್ಣ ನೆಲ ಒದ್ದರೆ ರಂಗದ ಹಲಗೆ ಎರಡಿಂಚು ಏಳುವುದು, ಅಪ್ಪಾಸಾಬ ಸುತ್ತಿದರೆ ಕಿರೀಟದ ಕನ್ನಡಿ ಚೂರುಗಳು ಬಯಲಿಗೆಲ್ಲ ಬೆಳಕು ಎರಚುವವು. ಪರದೆಯ ಹಿಂದಿದ್ದ ದ್ರಾಕ್ಷಾಯಿಣಿಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಒಂಬತ್ತು ಇಪ್ಪತ್ತಕ್ಕೆ ಲೋಕಪ್ಪ ದೇವಿಯ ಪದ ಎತ್ತಿಕೊಂಡ. ಅವಳು ಹಳದಿ ಬಳಿದ ಮುಖದಲ್ಲಿ ನಗು ತಂದುಕೊಂಡು, ಹಗುರ ಹೆಜ್ಜೆಯಿಡುತ್ತ ಇಬ್ಬರ ನಡುವೆ ಬಂದು ನಿಂತಳು. ಎರಡೂ ಕೈ ಚಾಚಿದಳು.

ಯಾರೂ ಕೈ ಕೊಡಲಿಲ್ಲ. ಅವರಿಬ್ಬರೂ ಅವಳನ್ನು ನಡುವೆ ಬಿಟ್ಟು ಸುತ್ತುತ್ತಲೇ ಇದ್ದರು. ಕೈ ಕೊಡಬೇಕೆಂದರೆ ಕಾಲು ನಿಲ್ಲಬೇಕು, ಮೊದಲು ನಿಲ್ಲುವವನು ಸೋತಂತೆ. ಹೋದ ವರ್ಷ ನಿಂತು ಕೆಟ್ಟವನು ಅಪ್ಪಾಸಾಬ, ಈ ಸಲ ಅವನು ಸತ್ತರೂ ನಿಲ್ಲಲಾರ. ನಿಂಗಣ್ಣನಂತೂ ಹುಟ್ಟಾ ನಿಲ್ಲುವವನಲ್ಲ. ನೀಲಿ ಡ್ರಮ್ಮಿನ ಜೊತೆ ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಅವಳು ಪದದ ಸಾಲುಗಳನ್ನು ಒಂದು ಸಲ ಹೇಳಿದಳು, ಎರಡು ಸಲ ಹೇಳಿದಳು. ಮುಂದಿನ ಸಾಲಿನ ಮುದುಕಿಯೊಬ್ಬಳು ಕೈಮುಗಿದುಕೊಂಡು, "ಆತಾಂ ಕಿತೆಂ ಜಾತಲೆಂ?" ಎಂದು ಪಕ್ಕದವಳನ್ನು ಕೇಳಿದಳು. ಈಗೇನಾಗುತ್ತದೆ ಎಂದು ದೇವಿಗೂ ಗೊತ್ತಿರಲಿಲ್ಲ.

ಅವಳು ನೆಟ್ಟಗೆ ಲೋಕಪ್ಪನ ಬಳಿ ಹೋಗಿ ಮದ್ದಳೆಯ ಮೇಲೆ ಅಂಗೈ ಇಟ್ಟಳು. ಸದ್ದು ನಿಂತಿತು. ಮದ್ದಳೆ ನಿಂತರೆ ಇಬ್ಬರೂ ಒಟ್ಟಿಗೇ ನಿಲ್ಲಬಹುದು, ಯಾರೂ ಸೋಲಬೇಕಿಲ್ಲ ಎಂದು ಅವಳ ಉಪಾಯ. ಕಟ್ಟಳೆ ಬಲ್ಲ ಯಾರಾದರೂ ಭಲೆ ಎನ್ನಬೇಕಾದ ಉಪಾಯವೇ. ಆದರೆ ಆ ಇಬ್ಬರು ಗಂಡಸರು ಮದ್ದಳೆಯಿಲ್ಲದೆಯೂ ಕುಣಿದರು. ಬರೀ ಗೆಜ್ಜೆ ಸದ್ದು, ಬರೀ ಏದುಸಿರು. ಒಬ್ಬರ ಮುಖ ಒಬ್ಬರು ನೋಡುತ್ತ, ನಡುವೆ ಒಬ್ಬಳು ಇದ್ದಾಳೆಂಬುದನ್ನೇ ಮರೆತು.

ಆಗ ದ್ರಾಕ್ಷಾಯಿಣಿಗೆ ಸಾಕಾಯಿತು. ಪಂಚಮಿಯ ದಿನ ಬೆಳಗಿನಿಂದ ಸಂಜೆಯ ತನಕ ಹೊಸ್ತಿಲ ಮೇಲೆ ಕೂತ ಆಯಾಸವೆಲ್ಲ ಈಗ ಮೈಗೆ ಬಂತು. ಮೈಕಿನ ಮುಂದೆ ಹೋಗಿ ನಿಂತಳು. ಲೋಕಪ್ಪನ ಪದ ಒಂದೂ ಬಾಯಿಗೆ ಬರಲಿಲ್ಲ.

"ಒಬ್ಬಾಂವ ನನ್ನ ಗಂಡ, ಒಬ್ಬಾಂವ ನನ್ನ ತಮ್ಮ. ಒಂದ್ ವರ್ಷ ಆತು, ನನ್ನ ನಡುವ ನಿಲ್ಲಿಸಿ ಕುಣ್ಯಾಕತ್ತಾರ. ಕುಣೀಲಿ. ನನಗ ಇನ್ನ ನಿಲ್ಲಾಕ ಆಗೂದಿಲ್ರಿ."

ಹೀಗೆಂದವಳೇ ಹಲಗೆ ಇಳಿದು, ಕಿರೀಟ ಹೊತ್ತುಕೊಂಡೇ ಜನರ ನಡುವೆ ನಡೆದು, ಬಯಲಿನ ಅಂಚಿನಲ್ಲಿದ್ದ ಸಿಕಂದರನ ಚಹಾ ಗಾಡಿಯ ಬೆಂಚಿನ ಮೇಲೆ ಹೋಗಿ ಕೂತಳು. ಸಿಕಂದರ ಗಾಬರಿಯಾಗಿ ಎದ್ದು ನಿಂತ. ದೇವಿಗೆ ಚಹಾ ಕೊಡಬಹುದೇ ಇಲ್ಲವೇ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಶುಂಠಿ ಜಜ್ಜಿ ಹಾಕಿ, ಎರಡು ಸಲ ತೊಳೆದ ಗ್ಲಾಸಿನಲ್ಲಿ ಕೊಟ್ಟ.

ಅವಳು ಹಲಗೆಗೆ ಬೆನ್ನು ಹಾಕಿ ಕೂತಿದ್ದಳು. ಸ್ವಲ್ಪ ಹೊತ್ತು ಗೆಜ್ಜೆಗಳು ಕೇಳಿದವು, ಆಮೇಲೆ ಕೇಳಲಿಲ್ಲ. ಯಾರ ಕಾಲು ಮೊದಲು ನಿಂತಿತು ಎಂದು ಝುವಾರಿನಗರದಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಆ ಕ್ಷಣ ಯಾರೂ ಅವರ ಕಾಲು ನೋಡುತ್ತಿರಲಿಲ್ಲ, ಜನರೆಲ್ಲ ಕುರ್ಚಿ ತಿರುಗಿಸಿಕೊಂಡು ಚಹಾ ಗಾಡಿಯ ಕಡೆಗೆ ಕೂತಿದ್ದರು. ಹೊತ್ತು ಒಂಬತ್ತೂವರೆ ದಾಟಿತ್ತು. ಹರಿಹರರನ್ನು ಯುದ್ಧದಲ್ಲೇ ಬಿಟ್ಟು ಆಟ ನಿಲ್ಲಿಸಿದರೆ ಲೋಕಕ್ಕೆ ಕೇಡು, ಮಂಗಳಾರತಿ ಆಗಲೇಬೇಕು, ಮಂಗಳಾರತಿಗೆ ದೇವಿ ಬೇಕು ಎಂದು ಲೋಕಪ್ಪ ಮೈಕಿನಲ್ಲಿ ಬೇಡಿಕೊಳ್ಳುತ್ತಿದ್ದ.

ಬೆನ್ನ ಹಿಂದೆ ಎರಡು ಜೊತೆ ಗೆಜ್ಜೆ ನಿಧಾನವಾಗಿ ನಡೆದು ಬರುವ ಸದ್ದು ಕೇಳಿಸಿತು. ಹತ್ತು ಹೆಜ್ಜೆ ಹಿಂದೆ ಅವು ನಿಂತವು. ಅವಳು ತಿರುಗಲಿಲ್ಲ.

"ಮಾವ, ನೀ ಕರಿ. ನಿನ್ನ ಮಾತ ಕೇಳ್ತಾಳ." ತಮ್ಮನ ದನಿ, ಪಿಸುಮಾತು.

"ನನ್ನ ಮಾತ ಯಾವಾಗ ಕೇಳ್ಯಾಳೋ? ನಿಮ್ಮಕ್ಕ, ನೀ ಕರಿ."

"ಯಾವ ಮಾರಿ ಇಟ್ಕೊಂಡ್ ಕರೀಲಿ. ಪಂಚಮಿಗೇ ಕರೀಲಿಲ್ಲ."

ಆಮೇಲೆ ನಿಂಗಣ್ಣ ಮೆಲ್ಲಗೆ ಹೇಳಿದ, "ಅವತ್ತ ಹೊಸ್ತಿಲ ಮ್ಯಾಲ ಕುಂತಿದ್ಲು ನೋಡ. ನಾ ಅರ್ಧಾ ದಿನ ಕೆಲಸ ಬಿಟ್ಟ ಎರಡ ಸಲ ಬಂದ್ ನೋಡ್ದೆ, ಓಣಿ ಮೂಲಿಯಿಂದ. ಏನ್ ಹೇಳೂದು ತಿಳೀಲಿಲ್ಲ. ಹಂಗ ತಿರುಗಿ ಹೋದೆ."

ದ್ರಾಕ್ಷಾಯಿಣಿ ಗ್ಲಾಸನ್ನು ಬೆಂಚಿನ ಮೇಲಿಟ್ಟಳು. ಗಂಡ ನೋಡಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ. ತಾನು ಕಾದದ್ದು ಅವನಿಗೆ ಕಾಣಲೇ ಇಲ್ಲ ಎಂದುಕೊಂಡು ಎರಡು ತಿಂಗಳು ಅವನ ಮೇಲೆ ಒಳಗೊಳಗೇ ಕುದ್ದಿದ್ದಳು. ಈಗ ಅಳು ಬಂತು. ತಡೆಯುವ ಗೋಜಿಗೂ ಹೋಗಲಿಲ್ಲ. ದೇವಿಯ ಕೆನ್ನೆಯ ಹಳದಿ ಇಳಿದು ಗದ್ದಕ್ಕೆ ಬಂತು. ಅಳುತ್ತಲೇ ಅವಳಿಗೆ ಇನ್ನೊಂದು ಹೊಳೆಯಿತು. ಆ ಇಬ್ಬರೂ ಒಂದು ವರ್ಷದ ಮೇಲೆ ಮಾತಾಡುತ್ತಿದ್ದಾರೆ, ಅದೂ ಅವಳು ನಡುವೆ ನಿಲ್ಲದೆ.

"ಚಾ ಮುಗೀಲಿ, ಬರ್ತೇನಿ," ಎಂದಳು, ತಿರುಗದೆ. "ನೀವೂ ಕುಡೀರಿ. ಸಿಕಂದರಣ್ಣಾ, ಇನ್ನೆರಡ ಮಾಡು."

ಅಲ್ಲಿದ್ದದ್ದು ಒಂದೇ ಬೆಂಚು. ಭುಜಕೀರ್ತಿ ಕಟ್ಟಿದ ಇಬ್ಬರು ದೇವರು ಅದರ ಮೇಲೆ ಹಿಡಿಸುವುದು ಕಷ್ಟವಿತ್ತು. ಅಪ್ಪಾಸಾಬ ನಿಂಗಣ್ಣನ ಭುಜದ ಗಂಟು ಬಿಚ್ಚಿಕೊಟ್ಟ, ನಿಂಗಣ್ಣ ಅವನದನ್ನು ಬಿಚ್ಚಿದ. ಗಂಟು ಬೆವರಿಗೆ ಬಿಗಿದುಕೊಂಡಿತ್ತು, ಹಲ್ಲಿನಿಂದ ಎಳೆಯಬೇಕಾಯಿತು. ನಿಂಗಣ್ಣ ಕೂರುವಾಗ ಅಯ್ಯಪ್ಪಾ ಎಂದ, ಅಪ್ಪಾಸಾಬನಿಗೆ ನಗು ಬಂತು, ಆಮೇಲೆ ನಿಂಗಣ್ಣನಿಗೂ ಬಂತು. ಈ ನಗೆಯನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ದೇವಿ ಹಲಗೆಗೆ ಬರುವುದು ಆಗದ ಮಾತೆಂದು ಕಂಡುಕೊಂಡ ಲೋಕಪ್ಪ, ಒಂಬತ್ತು ಐವತ್ತಕ್ಕೆ ಆರತಿ ತಟ್ಟೆಯನ್ನು ಚಹಾ ಗಾಡಿಗೇ ಹೊತ್ತು ತಂದ. ಮೈಕಿನ ವಾಯರು ಅಲ್ಲಿಯ ತನಕ ಮುಟ್ಟಲಿಲ್ಲ, ಬರೀ ಬಾಯಲ್ಲೇ ಹಾಡಿದ. ಮುಂದಿನ ಸಾಲಿನ ಮುದುಕಿ ಬಂದು ಮೂವರ ಕಾಲಿಗೂ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಅವಳ ಪಾಲಿಗೆ ಕಥೆಯಲ್ಲಿ ಒಂದಿಷ್ಟೂ ಹೆಚ್ಚುಕಮ್ಮಿ ಆಗಿರಲಿಲ್ಲ.

ನಾಳೆ ಕರೆಯಲು ಬರುತ್ತೇನೆ ಎಂದು ಅಪ್ಪಾಸಾಬ ಹೇಳಿದ. ಪಂಚಮಿ ಕಳೆದು ಎರಡು ತಿಂಗಳಾಯಿತು, ಈಗ ಎಂಥ ಕರೆಯುವುದು ಎಂದು ಅವಳು ಬಿಂಕ ಮಾಡಿದಳು. ಆದರೂ ಮರುದಿನ ಪರ್ವರಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದು, ಹೊಸ ಸೀರೆ ಉಟ್ಟು ಐದಕ್ಕೇ ತಯಾರಾಗಿ ಒಳಗೆ ಕೂತಳು. ನಿಂಗಣ್ಣನೂ ತೊಳೆದ ಅಂಗಿ ಹಾಕಿಕೊಂಡು, ತಾನೂ ಬರುವುದೋ ಬೇಡವೋ ಎಂದು ಕೇಳಲಾಗದೆ ಮೂರು ಸಲ ತಲೆ ಬಾಚಿದ.

ಆರೂವರೆಗೆ ಬಾಗಿಲ ಹೊರಗೆ ಚಪ್ಪಲಿ ಸದ್ದಾಯಿತು.

"ಅಕ್ಕಾ, ಕರಿಯಾಕ ಬಂದೇನಿ. ಮಾವ, ನೀನೂ ಬಾ."

ದ್ರಾಕ್ಷಾಯಿಣಿ ಏಳಲಿಲ್ಲ. ಬಾಗಿಲ ಕಡೆ ಹೊರಟ ನಿಂಗಣ್ಣನನ್ನೂ ಕೈ ಹಿಡಿದು ಕೂರಿಸಿದಳು. ವರ್ಷದಿಂದ ಕೇಳದ ಮಾತು, ಇನ್ನೊಂದು ಸಲ ಕರೆಯಲಿ ಅನ್ನಿಸಿತ್ತು.